ಟೊಂಕದಿಂದ ಹೆಬ್ಬೆರಳವರೆಗೆ: ಕೆಳಬೆನ್ನು ಮತ್ತು ಶ್ರೋಣಿಯ ನರಗಳು ಹೋಗುವ ದಾರಿ

ಗಂಜಿನಲ್ಲಿ ಚೀಲ ಹೊರುವ ಹಮಾಲರು, ಶಹಾಬಾದ ಮತ್ತು ಚಿತ್ತಾಪುರದ ಗಣಿಗಳಲ್ಲಿ ಫರ್ಸಿ ಕಲ್ಲು ಎತ್ತುವವರು, ತೊಗರಿ ಕೊಯ್ಲಿನಲ್ಲಿ ದಿನವಿಡೀ ಬಾಗಿ ದುಡಿಯುವ ಹೆಣ್ಣುಮಕ್ಕಳು, ತಗ್ಗುದಿನ್ನೆಯ ರಸ್ತೆಯಲ್ಲಿ ಆಟೋ ಓಡಿಸುವವರು ಇರುವ ನಮ್ಮ ಕಲಬುರಗಿ ಭಾಗದಲ್ಲಿ ಟೊಂಕ ನೋವು ಮನೆಮನೆಯ ಮಾತು. ಈಗೀಗ ಆ ಮಾತಿನ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಎಂಆರ್‌ಐ ಫಿಲ್ಮಿನ ದೊಡ್ಡ ಲಕೋಟೆಯನ್ನು ಕೈಯಲ್ಲಿ ಹಿಡಿದವರು, “ಎಲ್ ಫೋರ್ ಎಲ್ ಫೈವ್‌ನಾಗ ಗ್ಯಾಪ್ ಆಗ್ಯಾದ, ನರ ಒತ್ತ್ಯಾದ ಅಂದಾರ” ಎಂದು ಹೇಳುತ್ತಾರೆ. ಒತ್ತಿದ್ದು ಯಾವ ನರ, ಅದು ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ, ಬೆನ್ನಿನಲ್ಲಿ ಆದ ಒತ್ತಡಕ್ಕೆ ಕಾಲಿನ ಹೆಬ್ಬೆರಳು ಏಕೆ ಸೋಲುತ್ತದೆ, ಕೆಲವರಿಗೆ ಮೂತ್ರ ಏಕೆ ಕಟ್ಟುತ್ತದೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಿರುವುದು ಅಪರೂಪ.

ಇದನ್ನು ತಿಳಿಯಲು ಒಂದು ಸಂಗತಿಯನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ನೋವು, ಜೋಮು ಅಥವಾ ಬಲಹೀನತೆ ಕಾಣಿಸುವ ಜಾಗಕ್ಕೂ ತೊಂದರೆ ಇರುವ ಜಾಗಕ್ಕೂ ನಡುವೆ ಒಂದು ಮೀಟರಿನಷ್ಟು ಅಂತರ ಇರಬಹುದು. ಆ ಅಂತರವನ್ನು ಜೋಡಿಸುವುದು ನರದ ದಾರಿ. ಪ್ರತಿಯೊಂದು ನರವೂ ನಿಶ್ಚಿತವಾದ ಕಶೇರುವಿನ, ಅಂದರೆ ಬೆನ್ನೆಲುಬಿನ ಒಂದು ಮಣಿಯ, ಪಕ್ಕದಿಂದ ಹೊರಟು, ನಿಶ್ಚಿತವಾದ ಸ್ನಾಯು ಮತ್ತು ಎಲುಬುಗಳ ನಡುವೆ ಹಾದು, ನಿಶ್ಚಿತವಾದ ಚರ್ಮದ ಭಾಗವನ್ನೂ ಸ್ನಾಯುವನ್ನೂ ತಲುಪುತ್ತದೆ. ಆದ್ದರಿಂದ ದಾರಿ ಗೊತ್ತಿದ್ದವರು ಕಾಲನ್ನು ನೋಡಿ ಬೆನ್ನಿನ ಸಂಗತಿಯನ್ನು ಹೇಳಬಲ್ಲರು. ಸ್ಕ್ಯಾನ್ ಯಂತ್ರಗಳು ಬರುವ ಮೊದಲು ವೈದ್ಯರು ಹೀಗೆಯೇ ಹೇಳುತ್ತಿದ್ದರು, ಸ್ಕ್ಯಾನ್ ಬಂದ ಮೇಲೂ ಅದರ ಅರ್ಥ ತಿಳಿಯುವುದು ಈ ದಾರಿಯಿಂದಲೇ.

ಬೆನ್ನುಹುರಿ ಎಲ್ಲಿ ನಿಲ್ಲುತ್ತದೆ

ನಮ್ಮ ಬೆನ್ನೆಲುಬು ಮೂಲತಃ 33 ಕಶೇರುಗಳಿಂದ ಆದದ್ದು. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅವುಗಳ ಕೆಳಗೆ 5 ಕಶೇರುಗಳು ಬೆಸೆದುಕೊಂಡು ತ್ರಿಕಾಸ್ಥಿ ಎಂಬ ಒಂದೇ ಎಲುಬಾಗಿರುತ್ತವೆ. ಕೊನೆಯಲ್ಲಿ ಸಾಮಾನ್ಯವಾಗಿ 4 ಸಣ್ಣ ಕಶೇರುಗಳು ಸೇರಿ ಬಾಲದೆಲುಬು ಆಗುತ್ತದೆ. ವರದಿಗಳಲ್ಲಿ ಕಾಣುವ ‘ಎಲ್’ ಎಂಬುದು ಸೊಂಟದ ಕಶೇರುಗಳ ಗುರುತು, ‘ಎಸ್’ ಎಂಬುದು ತ್ರಿಕಾಸ್ಥಿಯದು. ತ್ರಿಕಾಸ್ಥಿಯು ಎಡಬಲದ ಸೊಂಟದೆಲುಬುಗಳ ಜೊತೆ ಸೇರಿ ಮಾಡುವ ಎಲುಬಿನ ಬಟ್ಟಲೇ ಶ್ರೋಣಿ. ಮೂತ್ರಕೋಶ, ಗುದನಾಳ, ಹೆಂಗಸರಲ್ಲಿ ಗರ್ಭಕೋಶ ಇರುವುದು ಈ ಬಟ್ಟಲಿನೊಳಗೆ.

ಕಶೇರುಗಳ ಹಿಂಭಾಗದ ಉಂಗುರಗಳು ಒಂದರ ಮೇಲೊಂದು ಕೂತು ಒಂದು ಕೊಳವೆಯಾಗುತ್ತವೆ. ಮೆದುಳಿನಿಂದ ಇಳಿಯುವ ಬೆನ್ನುಹುರಿ ಆ ಕೊಳವೆಯಲ್ಲಿದೆ. ಹುರಿ ಬೆನ್ನೆಲುಬಿನ ಕೊನೆಯವರೆಗೂ ಇಳಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ವಯಸ್ಕರಲ್ಲಿ ಅದು ಸೊಂಟದ 1ನೆಯ ಮತ್ತು 2ನೆಯ ಕಶೇರುಗಳ ಸುಮಾರಿಗೆ, ಅಂದರೆ ಕೊನೆಯ ಪಕ್ಕೆಲುಬಿಗಿಂತ ಸ್ವಲ್ಪವೇ ಕೆಳಗೆ, ಮುಗಿದುಹೋಗುತ್ತದೆ. ಇದಕ್ಕೆ ಕಾರಣ ಬೆಳವಣಿಗೆಯ ವೇಗದಲ್ಲಿರುವ ವ್ಯತ್ಯಾಸ. ಗರ್ಭದ ಮೂರನೆಯ ತಿಂಗಳವರೆಗೆ ಹುರಿ ಕೊಳವೆಯ ಪೂರ್ತಿ ಉದ್ದಕ್ಕೂ ಇರುತ್ತದೆ. ಅಲ್ಲಿಂದ ಮುಂದೆ ಎಲುಬು ಬೇಗ ಬೆಳೆಯುತ್ತದೆ, ಹುರಿ ಹಿಂದೆ ಬೀಳುತ್ತದೆ. ಮಗು ಹುಟ್ಟುವ ಹೊತ್ತಿಗೆ ಹುರಿಯ ತುದಿ ಸೊಂಟದ 3ನೆಯ ಕಶೇರುವಿನ ಮಟ್ಟದಲ್ಲಿರುತ್ತದೆ, ಆಮೇಲೆ ಇನ್ನಷ್ಟು ಮೇಲೆ ಸರಿಯುತ್ತದೆ. ದೊಡ್ಡವರಲ್ಲಿ ಹುರಿಯ ಉದ್ದ ಸುಮಾರು 45 ಸೆಂಟಿಮೀಟರ್ ಮಾತ್ರ.

ಆದರೆ ನರಗಳು ಹೊರಬೀಳುವ ಕಿಂಡಿಗಳು ಎಲುಬಿನ ಜೊತೆ ಕೆಳಗೆ ಹೋಗಿಬಿಟ್ಟಿವೆ. ಹುರಿಯಿಂದ ಒಟ್ಟು 31 ಜೋಡಿ ನರಗಳು ಹೊರಡುತ್ತವೆ. ಕುತ್ತಿಗೆಯ ನರಗಳು ಹೊರಟಲ್ಲೇ ಹೆಚ್ಚುಕಡಿಮೆ ಅಡ್ಡವಾಗಿ ಹೊರಗೆ ಹೋಗುತ್ತವೆ. ಸೊಂಟ ಮತ್ತು ತ್ರಿಕಾಸ್ಥಿಯ ನರಗಳಾದರೋ ತಮ್ಮ ಕಿಂಡಿಯನ್ನು ತಲುಪಲು ಕೊಳವೆಯೊಳಗೇ ಬಹುದೂರ ಕೆಳಗಿಳಿಯಬೇಕು. ಹುರಿ ಮುಗಿದ ಮೇಲೆ ಕೊಳವೆಯಲ್ಲಿ ಉಳಿಯುವುದು ಹೀಗೆ ಇಳಿಯುತ್ತಿರುವ ಉದ್ದನೆಯ ನರಮೂಲಗಳ ಕಟ್ಟು. ಕುದುರೆಯ ಬಾಲದ ಕೂದಲಿನಂತೆ ಕಾಣುವುದರಿಂದ ಅಂಗರಚನಾಶಾಸ್ತ್ರದಲ್ಲಿ ಅದಕ್ಕೆ ಕಾಡಾ ಈಕ್ವೈನಾ ಎಂದು ಹೆಸರು. ಕಾಲುಗಳ ಚಲನೆ, ಕಾಲಿನ ಸ್ಪರ್ಶ, ಮಲಮೂತ್ರಗಳ ಹಿಡಿತ, ಜನನಾಂಗದ ಸಂವೇದನೆ ಇವೆಲ್ಲ ಈ ಒಂದು ಕಟ್ಟಿನೊಳಗಿಂದಲೇ ಹೋಗಬೇಕು.

ಸಿಜೇರಿಯನ್ ಹೆರಿಗೆಗೆ ಮುನ್ನ ಬೆನ್ನಿಗೆ ಕೊಡುವ ಅರಿವಳಿಕೆಯ ಸೂಜಿ ಸುರಕ್ಷಿತವಾಗಿರುವುದು ಈ ರಚನೆಯ ಕಾರಣದಿಂದಲೇ. ಸೊಂಟದ ಎರಡೂ ಬದಿಯ ಎಲುಬಿನ ಏಣುಗಳನ್ನು ಜೋಡಿಸಿ ಬೆನ್ನ ಮೇಲೆ ಗೆರೆ ಎಳೆದಂತೆ ಊಹಿಸಿದರೆ ಅದು ಸುಮಾರಾಗಿ 4ನೆಯ ಸೊಂಟದ ಕಶೇರುವಿನ ಮೇಲೆ ಹಾದುಹೋಗುತ್ತದೆ. ವೈದ್ಯರು ಆ ಗೆರೆಯನ್ನು ಕೈಯಿಂದ ಗುರುತಿಸಿಕೊಂಡು 3 ಮತ್ತು 4ರ ನಡುವೆ ಅಥವಾ 4 ಮತ್ತು 5ರ ನಡುವೆ ಸೂಜಿ ಹಾಕುತ್ತಾರೆ. ಅಲ್ಲಿ ಹುರಿಯೇ ಇಲ್ಲ. ಇರುವುದು ದ್ರವ ಮತ್ತು ಅದರಲ್ಲಿ ತೇಲುವ ನರಮೂಲಗಳು, ಅವು ಸೂಜಿ ತಾಗಿದರೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಜರ್ಮನಿಯ ಶಸ್ತ್ರವೈದ್ಯ ಆಗಸ್ಟ್ ಬಿಯರ್ 1898ರಲ್ಲಿ ಈ ಜಾಗಕ್ಕೆ ಔಷಧಿ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿದಂದಿನಿಂದ ಈ ವಿಧಾನ ನಡೆದುಬಂದಿದೆ. “ಬೆನ್ನಿಗಿ ಸೂಜಿ ಕೊಟ್ಟಾಗಿನಿಂದ ಟೊಂಕ ಹೋಯ್ತು” ಎಂದು ಬಾಣಂತಿಯರು ವರ್ಷಗಟ್ಟಲೆ ಹೇಳುವುದನ್ನು ನಮ್ಮೂರುಗಳಲ್ಲಿ ಕೇಳುತ್ತೇವೆ. ಚುಚ್ಚಿದ ಜಾಗ ಕೆಲವು ದಿನ ನೋಯುವುದು ನಿಜ, ಆದರೆ ವರ್ಷಗಟ್ಟಲೆ ಉಳಿಯುವ ನೋವಿಗೆ ಆ ಸೂಜಿಯೇ ಕಾರಣ ಎನ್ನಲು ಆಧಾರವಿಲ್ಲ. ಬಸಿರಿನಲ್ಲಿ ಸಡಿಲಾದ ಕೀಲುಗಳು, ಸೋತ ಹೊಟ್ಟೆಯ ಸ್ನಾಯುಗಳು, ಮಗುವನ್ನು ಎತ್ತಿಕೊಂಡು ಬಾಗಿ ಮಾಡುವ ಕೆಲಸ ಇವೇ ಹೆಚ್ಚು ಕಾರಣ. ತಪ್ಪು ಕಾರಣವನ್ನು ನಂಬಿ ಕೂತರೆ ಸರಿಯಾದ ವ್ಯಾಯಾಮವೂ ತಪ್ಪಿಹೋಗುತ್ತದೆ ಎಂಬುದಕ್ಕಾಗಿ ಇದನ್ನು ಇಷ್ಟು ಬಿಡಿಸಿ ಹೇಳಬೇಕಾಯಿತು.

ಪ್ರತಿ ನರಕ್ಕೂ ಎರಡು ಮೂಲಗಳಿವೆ. ಮುಂದಿನ ಮೂಲ ಸ್ನಾಯುಗಳಿಗೆ ಆಜ್ಞೆಯನ್ನು ಒಯ್ಯುತ್ತದೆ, ಹಿಂದಿನ ಮೂಲ ಚರ್ಮ, ಕೀಲು, ಸ್ನಾಯುಗಳಿಂದ ಸುದ್ದಿಯನ್ನು ತರುತ್ತದೆ. ಕಿಂಡಿಯ ಬಳಿ ಎರಡೂ ಕೂಡಿ ಒಂದು ನರವಾಗುತ್ತವೆ. ಕೂಡಿದ ಮೇಲೆ ಅದು ಮತ್ತೆ ಕವಲೊಡೆಯುತ್ತದೆ. ಹಿಂದಿನ ಸಣ್ಣ ಕವಲು ಬೆನ್ನಿನ ಸ್ನಾಯು ಮತ್ತು ಚರ್ಮಕ್ಕೆ, ಮುಂದಿನ ದೊಡ್ಡ ಕವಲು ಕಾಲು ಮತ್ತು ಶ್ರೋಣಿಯ ಕಡೆಗೆ.

ಎಲ್-4, ಎಲ್-5 ನಡುವೆ ಒತ್ತುವುದು ಯಾವ ನರ?

ಎರಡು ಕಶೇರುಗಳ ನಡುವೆ ಇರುವ ಡಿಸ್ಕಿನ ಹೊರಸುತ್ತು ಗಟ್ಟಿಯಾದ ನಾರಿನ ಪದರಗಳಿಂದ ಆಗಿದೆ. ಒಳಗೆ ನೀರಿನಂಶ ಹೆಚ್ಚಿರುವ ಮೆತ್ತನೆಯ ತಿರುಳು. ಬಾಗಿ ಭಾರ ಎತ್ತುವಾಗ, ಅದರಲ್ಲೂ ಬಾಗಿದ ಮೈಯನ್ನು ತಿರುಚಿದಾಗ, ತಿರುಳು ಹಿಂದಕ್ಕೆ ಒತ್ತುತ್ತದೆ. ಹಿಂಬದಿಯ ನಟ್ಟನಡುವೆ ಒಂದು ಉದ್ದನೆಯ ಕಟ್ಟುನಾರು ಕಾವಲಿದೆ, ಆದರೆ ಸೊಂಟದ ಕೆಳಭಾಗದಲ್ಲಿ ಅದು ಕಿರಿದಾಗುತ್ತ ಹೋಗುತ್ತದೆ. ಹಾಗಾಗಿ ನಾರಿನ ಪದರ ಹರಿದಾಗ ತಿರುಳು ನಟ್ಟನಡುವೆ ಬರುವುದಕ್ಕಿಂತ ಹೆಚ್ಚಾಗಿ ಸ್ವಲ್ಪ ಎಡಕ್ಕೋ ಬಲಕ್ಕೋ ಹೊರಬರುತ್ತದೆ. ಒಂದೇ ಕಾಲು ಸೆಳೆಯುವುದು ಅದಕ್ಕಾಗಿ. ಸೊಂಟದಲ್ಲಿ ಹೀಗೆ ಜಾರುವ ಡಿಸ್ಕುಗಳಲ್ಲಿ ಬಹುಪಾಲು ಕೊನೆಯ ಎರಡೇ: ಎಲ್-4 ಎಲ್-5 ನಡುವಿನದು, ಎಲ್-5 ಎಸ್-1 ನಡುವಿನದು. ಮೈಯ ಭಾರವೂ ಬಾಗುವಿಕೆಯೂ ಹೆಚ್ಚಾಗಿ ಬೀಳುವುದು ಅಲ್ಲಿಯೇ. ಜನರು ‘ಗ್ಯಾಪ್’ ಎನ್ನುವ ಸ್ಥಿತಿಯಲ್ಲಿ ಸಾಮಾನ್ಯವಾಗಿ ಕಶೇರುಗಳ ನಡುವಿನ ಅಂತರ ಕಡಿಮೆಯಾಗಿರುತ್ತದೆಯೇ ಹೊರತು ಹೆಚ್ಚಾಗಿರುವುದಿಲ್ಲ.

ಈಗ ಬಹಳ ಜನರನ್ನು ಗೊಂದಲಕ್ಕೆ ತಳ್ಳುವ ಸಂಗತಿಗೆ ಬರೋಣ. ಎಲ್-4 ನರ ಎಲ್-4 ಕಶೇರುವಿನ ಕೆಳಗಿನ ಕಿಂಡಿಯಿಂದ ಹೊರಗೆ ಹೋಗುತ್ತದೆ. ಆದರೆ ಅದು ಕಿಂಡಿಯ ಮೇಲ್ಭಾಗಕ್ಕೆ ಅಂಟಿಕೊಂಡು, ಡಿಸ್ಕಿನ ಮಟ್ಟಕ್ಕಿಂತ ಮೇಲೆಯೇ ಹೊರಬೀಳುತ್ತದೆ. ಡಿಸ್ಕ್ ಜಾರುವ ಜಾಗದಲ್ಲಿ ಕೊಳವೆಯೊಳಗೆ ಇಳಿಯುತ್ತಿರುವುದು ಮುಂದಿನ ನರ, ಅಂದರೆ ಎಲ್-5. ಆದ್ದರಿಂದ ಎಲ್-4 ಎಲ್-5 ಡಿಸ್ಕ್ ಜಾರಿದಾಗ ಸಾಮಾನ್ಯವಾಗಿ ಪೆಟ್ಟು ತಿನ್ನುವುದು ಎಲ್-5 ನರ. ಎಲ್-5 ಎಸ್-1 ಡಿಸ್ಕ್ ಜಾರಿದಾಗ ಎಸ್-1 ನರ. ಡಿಸ್ಕ್ ತೀರ ಹೊರಬದಿಗೆ, ಕಿಂಡಿಯೊಳಕ್ಕೇ ಜಾರಿದರೆ ಮಾತ್ರ ಮೇಲಿನ ನರ ಸಿಕ್ಕಿಬೀಳುತ್ತದೆ.

ಎಲ್-5 ನರ ಪಾದದ ಮೇಲ್ಭಾಗದ ಚರ್ಮಕ್ಕೆ ಸ್ಪರ್ಶಜ್ಞಾನ ಕೊಡುತ್ತದೆ, ಕಾಲಿನ ಹೆಬ್ಬೆರಳನ್ನು ಮೇಲೆತ್ತುವ ಸ್ನಾಯುವಿಗೆ ಬಲ ಕೊಡುತ್ತದೆ. ಅದು ಸೋತವರು “ಹೆಬ್ಬಟ್ಟು ಎತ್ಲಾಕ ಬರವಲ್ದು, ಚಪ್ಪಲಿ ತಾನೇ ಜಾರ್ತದ” ಎನ್ನುತ್ತಾರೆ. ಹಿಮ್ಮಡಿಯ ಮೇಲೆ ನಡೆಯಲು ಅವರಿಗೆ ಆಗುವುದಿಲ್ಲ. ಎಸ್-1 ನರದ ಪಾಲಿಗೆ ಬರುವುದು ಪಾದದ ಹೊರ ಅಂಚು, ಕಿರುಬೆರಳು, ಹಿಮ್ಮಡಿಯನ್ನು ಎತ್ತುವ ಮೀನಖಂಡ. ಅದು ಸೋತರೆ ತುದಿಗಾಲಿನ ಮೇಲೆ ನಿಲ್ಲಲಾಗುವುದಿಲ್ಲ, ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆ ತಟ್ಟಿದರೆ ಪಾದ ಜಿಗಿಯುವುದಿಲ್ಲ. ಎಲ್-4 ನರದ ಸ್ಪರ್ಶಸೀಮೆ ಮೊಣಕಾಲ ಕೆಳಗಿನ ಒಳಬದಿ, ಮೊಣಕಾಲಿಗೆ ತಟ್ಟಿದಾಗ ಕಾಲು ಜಿಗಿಯುವುದು ಮುಖ್ಯವಾಗಿ ಅದರ ಮೇಲೆ ನಿಂತಿದೆ. ಒಬ್ಬ ವೈದ್ಯರು ಹೊರರೋಗಿ ವಿಭಾಗದಲ್ಲಿ ರೋಗಿಯನ್ನು ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಿನ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಹೆಬ್ಬೆರಳನ್ನು ತಮ್ಮ ಬೆರಳಿನಿಂದ ಒತ್ತಿ ನೋಡಿ, ಎರಡು ಕಡೆ ಸುತ್ತಿಗೆ ತಟ್ಟುವಷ್ಟು ಹೊತ್ತು ಕೊಟ್ಟರೆ ಯಾವ ನರಮೂಲ ಎಂಬುದು ಹೆಚ್ಚಿನ ಸಂದರ್ಭಗಳಲ್ಲಿ ಅಲ್ಲಿಯೇ ತಿಳಿಯುತ್ತದೆ. ಈ ಪರೀಕ್ಷೆ ಇಲ್ಲದೆ ನೇರವಾಗಿ ಫಿಲ್ಮ್ ಓದುವುದು ಸರಿಯಲ್ಲ ಎಂದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ಯಾವ ನೋವೂ ಇಲ್ಲದ ಎಷ್ಟೋ ಜನರ ಎಂಆರ್‌ಐಯಲ್ಲಿಯೂ ಉಬ್ಬಿದ ಡಿಸ್ಕುಗಳು ಕಾಣಿಸುತ್ತವೆ. ಫಿಲ್ಮಿನಲ್ಲಿರುವ ಉಬ್ಬು ಮತ್ತು ಕಾಲಿನಲ್ಲಿರುವ ಸೋಲು ಒಂದೇ ನರವನ್ನು ತೋರಿಸಿದಾಗ ಮಾತ್ರ ಆ ಉಬ್ಬಿಗೆ ಅರ್ಥವಿದೆ.

ಮಲಗಿದವರ ಕಾಲನ್ನು ಮೊಣಕಾಲು ಮಡಚದೆ ಮೇಲೆತ್ತುವ ಪರೀಕ್ಷೆಯೂ ನರದ ದಾರಿಯನ್ನೇ ಅವಲಂಬಿಸಿದೆ. ಎಲ್-5 ಮತ್ತು ಎಸ್-1 ಮೂಲಗಳಿಂದ ಆಗುವ ದೊಡ್ಡ ನರ ತೊಡೆಯ ಹಿಂದೆ ಹೋಗುವುದರಿಂದ ಕಾಲು ಎತ್ತಿದಾಗ ಅದು ಎಳೆದುಕೊಳ್ಳುತ್ತದೆ. ಸುಮಾರು 30ರಿಂದ 70 ಡಿಗ್ರಿಗಳ ನಡುವೆ ಮೊಣಕಾಲ ಕೆಳಗಿನವರೆಗೂ ಮಿಂಚು ಹರಿದಂತೆ ನೋವು ಬಂದರೆ ನರಮೂಲ ಒತ್ತಿಕೊಂಡಿರುವ ಸಂಭವ ಹೆಚ್ಚು. ತೊಡೆಯ ಹಿಂದೆ ಸೆಟೆದಂತೆ ಮಾತ್ರ ಆದರೆ ಅದು ಬಿಗಿಯಾದ ಸ್ನಾಯು. ಇಂಥ ಕಾಲುನೋವು ನರದ್ದು, ಕೀಲಿನದ್ದಲ್ಲ ಎಂಬುದನ್ನು ಇಟಲಿಯ ದೊಮೆನಿಕೊ ಕೊಟುನ್ಯೊ 1764ರಲ್ಲಿಯೇ ವಿವರಿಸಿದ್ದರು. ಆದರೆ ಅದರ ಹಿಂದೆ ಡಿಸ್ಕ್ ಇದೆ ಎಂಬುದು ವೈದ್ಯಲೋಕಕ್ಕೆ ಸ್ಪಷ್ಟವಾದದ್ದು 1934ರಲ್ಲಿ, ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ತಮ್ಮ ಶಸ್ತ್ರಚಿಕಿತ್ಸೆಗಳ ವರದಿ ಪ್ರಕಟಿಸಿದಾಗ.

ಜಾರಿದ ಡಿಸ್ಕಿನ ತಿರುಳನ್ನು ದೇಹ ತಾನೇ ಕ್ರಮೇಣ ಕರಗಿಸಿಕೊಳ್ಳುತ್ತದೆ, ಹೆಚ್ಚಿನವರ ಕಾಲುನೋವು ಆರರಿಂದ ಹನ್ನೆರಡು ವಾರಗಳಲ್ಲಿ ಶಸ್ತ್ರಚಿಕಿತ್ಸೆ ಇಲ್ಲದೆ ಇಳಿಯುತ್ತದೆ. ವಯಸ್ಸಾದವರ ಕಥೆ ಬೇರೆ. ಅವರಲ್ಲಿ ಕೊಳವೆಯೇ ಸುತ್ತಲಿಂದ ಕಿರಿದಾಗಿ ನರಗಳ ಕಟ್ಟಿಗೆ ಜಾಗ ಸಾಲದಾಗುತ್ತದೆ. ಸ್ವಲ್ಪ ದೂರ ನಡೆದರೆ ಎರಡೂ ಕಾಲು ಭಾರವಾಗಿ, ಮುಂದೆ ಬಾಗಿ ಕೂತರೆ ಹಗುರಾಗುವುದು ಇದರ ಲಕ್ಷಣ, ಏಕೆಂದರೆ ಬಾಗಿದಾಗ ಕೊಳವೆ ಒಂದಿಷ್ಟು ಅಗಲವಾಗುತ್ತದೆ. ಕಲಬುರಗಿ ಮತ್ತು ಯಾದಗಿರಿ ಜಿಲ್ಲೆಗಳ ಕೆಲವು ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಬಹುಕಾಲ ಅಂಥ ನೀರು ಕುಡಿದವರಲ್ಲಿ ಕಟ್ಟುನಾರುಗಳು ಸುಣ್ಣಗಟ್ಟಿ ಎಲುಬಿನಂತೆ ಗಟ್ಟಿಯಾಗಿ ಈ ಕೊಳವೆಯನ್ನು ಇನ್ನಷ್ಟು ಇಕ್ಕಟ್ಟು ಮಾಡಬಲ್ಲವು. ಬೆನ್ನು ಸೆಟೆದು ಬಾಗಲಾಗದ ಹಿರಿಯರನ್ನು ಕಂಡಾಗ ಅವರು ಕುಡಿಯುವ ನೀರಿನ ಬಗ್ಗೆಯೂ ಕೇಳಬೇಕು.

ಜಾಲದಿಂದ ಕಾಲಿಗೆ

ಕಿಂಡಿಯಿಂದ ಹೊರಬಿದ್ದ ನರಗಳು ನೇರವಾಗಿ ಕಾಲಿಗೆ ಹೋಗುವುದಿಲ್ಲ. ಮೊದಲು ಒಂದರೊಡನೊಂದು ಕೂಡಿ, ಎಳೆಗಳನ್ನು ಹಂಚಿಕೊಂಡು, ಹೊಸ ನರಗಳಾಗಿ ಹೊರಡುತ್ತವೆ. ಎಲ್-1ರಿಂದ ಎಲ್-4ರವರೆಗಿನ ಕವಲುಗಳ ಜಾಲ ಇರುವುದು ಬೆನ್ನೆಲುಬಿನ ಎರಡೂ ಪಕ್ಕ ಇಳಿದು ತೊಡೆಗೆ ಹೋಗುವ ಸೋವಾಸ್ ಎಂಬ ದಪ್ಪ ಸ್ನಾಯುವಿನೊಳಗೆ. ಕ್ಷಯರೋಗ ಬೆನ್ನೆಲುಬಿಗೆ ತಗುಲಿದಾಗ ಅಲ್ಲಿನ ಕೀವು ಈ ಸ್ನಾಯುವಿನ ಹೊದಿಕೆಯೊಳಗೆ ಇಳಿದು ತೊಡೆಸಂದಿಯಲ್ಲಿ ಗಡ್ಡೆಯಾಗಿ ಕಾಣಿಸಿಕೊಳ್ಳಬಹುದು. ಬಹುದಿನದ ಟೊಂಕ ನೋವಿನ ಜೊತೆ ಸಂಜೆಯ ಜ್ವರ, ತೂಕ ಇಳಿಯುವುದು, ತೊಡೆಸಂದಿಯ ಗಡ್ಡೆ ಇದ್ದರೆ ಡಿಸ್ಕ್ ಎಂದು ಸುಮ್ಮನಿರಬಾರದು.

ಈ ಜಾಲದ ದೊಡ್ಡ ನರ ಫೆಮೊರಲ್. ಅದು ತೊಡೆಸಂದಿಯ ಕಟ್ಟುನಾರಿನ ಕೆಳಗೆ ಹಾದು ಮೊಣಕಾಲನ್ನು ನೀಡುವ ಸ್ನಾಯುಗಳಿಗೆ ಹೋಗುತ್ತದೆ. ಅದು ಸೋತರೆ ಮೆಟ್ಟಿಲು ಏರುವಾಗ, ನೆಲದಿಂದ ಏಳುವಾಗ ಮೊಣಕಾಲು ಕುಸಿಯುತ್ತದೆ. ಅಲ್ಲಿಯೇ ಸ್ವಲ್ಪ ಹೊರಗೆ, ಸೊಂಟದೆಲುಬಿನ ಮುಂದಿನ ಮೊನೆಯ ಪಕ್ಕದಲ್ಲಿ, ತೊಡೆಯ ಹೊರಬದಿಯ ಚರ್ಮಕ್ಕೆ ಹೋಗುವ ತೆಳುವಾದ ನರವೊಂದಿದೆ. ಬಿಗಿದು ಕಟ್ಟಿದ ಪರಕಾರದ ಲಾಡಿ, ಬೆಲ್ಟು, ಬಸಿರಿನ ಹೊಟ್ಟೆ ಇವು ಅದನ್ನು ಒತ್ತಬಹುದು. ಆಗ ತೊಡೆಯ ಹೊರಬದಿ ಉರಿಯುತ್ತದೆ, ಮುಟ್ಟಿದರೆ ತಿಳಿಯುವುದಿಲ್ಲ, ಆದರೆ ಕಾಲಿನ ಬಲ ಕುಗ್ಗುವುದಿಲ್ಲ. ಲಾಡಿ ಸಡಿಲಿಸಿದರೆ ಹೋಗುವ ಈ ತೊಂದರೆಗೆ ಬೆನ್ನಿನ ಸ್ಕ್ಯಾನ್ ಬೇಕಿಲ್ಲ. ಮೂರನೆಯದು ಒಬ್ಟುರೇಟರ್ ನರ, ಶ್ರೋಣಿಯ ಒಳಗೋಡೆಯ ಮೇಲೆ ಹಾದು ತೊಡೆಯ ಒಳಬದಿಗೆ ಹೋಗುತ್ತದೆ. ತೊಡೆಯೆಲುಬು ಶ್ರೋಣಿಗೆ ಸೇರುವ ಸೊಂಟದ ಕೀಲಿಗೂ ಮೊಣಕಾಲಿಗೂ ಈ ನರಗಳಿಂದಲೇ ಎಳೆಗಳು ಹೋಗುವುದರಿಂದ, ಸೊಂಟದ ಕೀಲಿನ ರೋಗವಿರುವ ಮಗು ಮೊಣಕಾಲು ತೋರಿಸಿ ಅಳುವುದುಂಟು.

ಇನ್ನು ಎಲ್ಲರಿಗೂ ಹೆಸರು ಗೊತ್ತಿರುವ ಸಯಾಟಿಕ್ ನರ. ಎಲ್-4ರಿಂದ ಎಸ್-3ರವರೆಗಿನ ಎಳೆಗಳಿಂದ ಆಗುವ ಇದು ದೇಹದ ಅತ್ಯಂತ ದಪ್ಪ ನರ, ಹೊರಡುವಲ್ಲಿ ಸುಮಾರು 2 ಸೆಂಟಿಮೀಟರ್ ಅಗಲವಿರುತ್ತದೆ. ಶ್ರೋಣಿಯ ಹಿಂಬದಿಯ ದೊಡ್ಡ ಕಿಂಡಿಯಿಂದ, ಪಿರಿಫಾರ್ಮಿಸ್ ಎಂಬ ಸ್ನಾಯುವಿನ ಕೆಳಗೆ ಹೊರಬಂದು, ಕುಂಡೆಯ ಕೆಳ ಒಳಭಾಗದಲ್ಲಿ ಹಾದು ತೊಡೆಯ ಹಿಂದೆ ಇಳಿಯುತ್ತದೆ. ಕುಂಡೆಗೆ ಇಂಜೆಕ್ಷನ್ ಕೊಡುವುದಾದರೆ ಮೇಲಿನ ಹೊರಗಿನ ಕಾಲುಭಾಗದಲ್ಲೇ ಕೊಡಬೇಕು ಎಂಬ ನಿಯಮ ಈ ನರದ ದಾರಿಯಿಂದ ಬಂದದ್ದು. ಸಣ್ಣ ಮಕ್ಕಳ ಕುಂಡೆಯಲ್ಲಿ ಮಾಂಸವೇ ಕಡಿಮೆ, ಆದ್ದರಿಂದ ಅವರ ಲಸಿಕೆಗಳನ್ನು ತೊಡೆಯ ಮುಂದಿನ ಹೊರಬದಿಗೆ ಕೊಡುತ್ತಾರೆ. ಜ್ವರ ಬಂದಾಗಲೆಲ್ಲ ಸೂಜಿ ಹಾಕಿಸಿಕೊಂಡರೇ ಸಮಾಧಾನ ಎನ್ನುವ ಅಭ್ಯಾಸ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ತಪ್ಪು ಜಾಗಕ್ಕೆ ಬಿದ್ದ ಒಂದು ಸೂಜಿ ಮಗುವಿನ ಪಾದವನ್ನು ಜೀವನವಿಡೀ ಎಳೆಯುವಂತೆ ಮಾಡಬಲ್ಲದು. ಗುಳಿಗೆಯಿಂದ ಆಗುವ ಕೆಲಸಕ್ಕೆ ಸೂಜಿ ಕೇಳಬಾರದು.

ಮೊಣಕಾಲ ಹಿಂದೆ ಸಾಮಾನ್ಯವಾಗಿ ಈ ನರ ಎರಡಾಗುತ್ತದೆ. ಟಿಬಿಯಲ್ ನರ ಮೀನಖಂಡದ ಆಳದಲ್ಲಿ ಅಂಗಾಲಿಗೆ ಇಳಿಯುತ್ತದೆ. ಇನ್ನೊಂದು, ಫಿಬ್ಯುಲಾರ್ ನರ, ಮೊಣಕಾಲ ಹೊರಬದಿಯ ಕೆಳಗೆ ಕೈಗೆ ಸಿಗುವ ಎಲುಬಿನ ಗಂಟಿನ ಕತ್ತಿಗೆ ಸುತ್ತಿಕೊಂಡು ಚರ್ಮದ ತೀರ ಸಮೀಪ ಹೋಗುತ್ತದೆ. ಬಹಳ ಹೊತ್ತು ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವವರಲ್ಲಿ, ಬಿಗಿಯಾದ ಪ್ಲಾಸ್ಟರ್ ಹಾಕಿಸಿಕೊಂಡವರಲ್ಲಿ ಅದು ಒತ್ತಿ ಪಾದ ಜೋತುಬೀಳಬಹುದು. ಕುಷ್ಠರೋಗವೂ ಇದೇ ಜಾಗದಲ್ಲಿ ಈ ನರವನ್ನು ಹಿಡಿಯುತ್ತದೆ, ಆಗ ಅದು ದಪ್ಪವಾಗಿ ಬೆರಳಿಗೆ ಸಿಗುತ್ತದೆ. 2005ರಲ್ಲಿ ದೇಶದ ಮಟ್ಟದಲ್ಲಿ ಕುಷ್ಠರೋಗ ಸಾರ್ವಜನಿಕ ಸಮಸ್ಯೆಯಾಗಿ ಉಳಿದಿಲ್ಲ ಎಂದು ಘೋಷಿಸಿದ್ದರೂ ಹೊಸ ರೋಗಿಗಳು ಇಂದಿಗೂ ಪತ್ತೆಯಾಗುತ್ತಿದ್ದಾರೆ.

ಜೋತುಬಿದ್ದ ಪಾದ ಎಲ್-5 ಮೂಲದಿಂದಲೂ ಆಗುತ್ತದೆ, ಫಿಬ್ಯುಲಾರ್ ನರದಿಂದಲೂ ಆಗುತ್ತದೆ. ಇವೆರಡನ್ನು ಬೇರೆ ಮಾಡುವುದು ಹೇಗೆ? ಪಾದವನ್ನು ಒಳಕ್ಕೆ ತಿರುಗಿಸುವ ಸ್ನಾಯುವಿಗೆ ಎಲ್-5 ಎಳೆಗಳು ಹೋಗುವುದು ಟಿಬಿಯಲ್ ನರದ ಮೂಲಕ. ನಡೆಯುವಾಗ ಸೊಂಟವನ್ನು ಒಂದು ಕಡೆ ವಾಲದಂತೆ ಹಿಡಿಯುವ ಸ್ನಾಯುಗಳಿಗೂ ಎಲ್-5 ಎಳೆಗಳಿವೆ, ಅವು ಶ್ರೋಣಿಯಿಂದ ಬೇರೆಯೇ ನರದಲ್ಲಿ ಹೊರಬೀಳುತ್ತವೆ. ತೊಂದರೆ ಬೆನ್ನಿನಲ್ಲಿದ್ದರೆ ಈ ಎರಡು ಕೆಲಸಗಳೂ ಸೋಲುತ್ತವೆ. ಮೊಣಕಾಲ ಬಳಿ ಇದ್ದರೆ ಎರಡೂ ಗಟ್ಟಿಯಾಗಿರುತ್ತವೆ. ಅಷ್ಟು ನೋಡಿದರೆ ಒಬ್ಬ ರೋಗಿಗೆ ಬೇಡದ ಸ್ಕ್ಯಾನ್ ತಪ್ಪುತ್ತದೆ, ಇನ್ನೊಬ್ಬರಿಗೆ ಕುಷ್ಠರೋಗದ ಚಿಕಿತ್ಸೆ ಬೇಗ ಸಿಗುತ್ತದೆ. ಬೇಗ ಎಂಬುದು ಇಲ್ಲಿ ಬಹಳ ಮುಖ್ಯ: ತುಂಡಾದ ಅಥವಾ ಜಜ್ಜಿದ ನರದ ಎಳೆ ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ, ಅದು ತಲುಪುವಷ್ಟರಲ್ಲಿ ದೂರದ ಸ್ನಾಯು ಒಣಗಿಹೋಗಿರಬಹುದು.

ಶ್ರೋಣಿಯ ಒಳಗೆ

ಎಲ್-4 ಮತ್ತು ಎಲ್-5ರ ಎಳೆಗಳು ಕೂಡಿ ಶ್ರೋಣಿಯ ಅಂಚನ್ನು ದಾಟಿ ಕೆಳಗಿಳಿದು ತ್ರಿಕಾಸ್ಥಿಯ ನರಗಳನ್ನು ಸೇರುವ ಜಾಗ ಹೆರಿಗೆಯಲ್ಲಿ ಅಪಾಯದ ಜಾಗ. ಹೆರಿಗೆ ತಡವಾಗಿ ಮಗುವಿನ ತಲೆ ಬಹುಹೊತ್ತು ಅಲ್ಲಿ ನಿಂತರೆ ಆ ಕಟ್ಟು ಎಲುಬಿಗೆ ಒತ್ತಿ, ತಾಯಿಗೆ ಪಾದ ಎತ್ತಲಾಗದಂತಾಗುತ್ತದೆ. ಹೆಚ್ಚಿನವರಲ್ಲಿ ಇದು ತಿಂಗಳುಗಳಲ್ಲಿ ಸುಧಾರಿಸುತ್ತದೆ. ಹೆರಿಗೆಯಾದ ಮೇಲೆ “ಕಾಲು ಸೋತದ” ಎಂದು ಬಾಣಂತಿ ಹೇಳಿದರೆ ಅದನ್ನು ಆಯಾಸ ಎಂದು ತಳ್ಳಿಹಾಕಬಾರದು.

ಎಸ್-2, ಎಸ್-3, ಎಸ್-4 ಈ ಮೂರು ನರಗಳು ಕಾಲಿಗಿಂತ ಹೆಚ್ಚಾಗಿ ಶ್ರೋಣಿಯ ಕೆಲಸಕ್ಕೆ ಮೀಸಲು. ಅವುಗಳಿಂದ ಆಗುವ ಪ್ಯುಡೆಂಡಲ್ ನರದ ದಾರಿ ವಿಚಿತ್ರವಾಗಿದೆ. ಶ್ರೋಣಿಯ ಹಿಂದಿನ ದೊಡ್ಡ ಕಿಂಡಿಯಿಂದ ಹೊರಗೆ ಬರುತ್ತದೆ, ಅಲ್ಲಿರುವ ಎಲುಬಿನ ಮೊನೆಯೊಂದನ್ನು ಸುತ್ತುತ್ತದೆ, ಸಣ್ಣ ಕಿಂಡಿಯಿಂದ ಮತ್ತೆ ಒಳಗೆ ಹೋಗುತ್ತದೆ. ಅಲ್ಲಿಂದ ಗುದದ್ವಾರದ ಸುತ್ತಲಿನ ಸ್ನಾಯುವಿಗೆ, ಮೂತ್ರದ್ವಾರವನ್ನು ನಮ್ಮ ಇಚ್ಛೆಯಂತೆ ಬಿಗಿಯುವ ಸ್ನಾಯುವಿಗೆ, ಜನನಾಂಗದ ಚರ್ಮಕ್ಕೆ ಕವಲುಗಳು ಹೋಗುತ್ತವೆ. ಹೆರಿಗೆಯಲ್ಲಿ ಉಪಕರಣ ಬಳಸಬೇಕಾದಾಗ ವೈದ್ಯರು ಆ ಮೊನೆಯನ್ನು ಬೆರಳಿನಿಂದ ಗುರುತಿಸಿ ಅಲ್ಲಿ ಔಷಧಿ ಕೊಟ್ಟು ಈ ನರವನ್ನು ಮರಗಟ್ಟಿಸಬಲ್ಲರು. ಕಷ್ಟದ ಹೆರಿಗೆಗಳಲ್ಲಿ ಇದು ಎಳೆದುಕೊಂಡು ಸೋತಾಗ ಕೆಮ್ಮಿದರೆ, ಸೀನಿದರೆ ಮೂತ್ರ ಜಾರುವ ತೊಂದರೆ ಸೇರಿಕೊಳ್ಳುತ್ತದೆ. ಎಷ್ಟೋ ತಾಯಂದಿರು ಅದನ್ನು ಯಾರಿಗೂ ಹೇಳದೆ ಸಹಿಸಿಕೊಳ್ಳುತ್ತಾರೆ. ಶ್ರೋಣಿಯ ತಳದ ಸ್ನಾಯುಗಳ ವ್ಯಾಯಾಮದಿಂದ ಅವರಲ್ಲಿ ಬಹಳ ಮಂದಿಗೆ ಗುಣ ಕಾಣುತ್ತದೆ.

ನಮ್ಮ ಇಚ್ಛೆಗೆ ಒಳಪಡದೆ ತಾವೇ ಕೆಲಸ ಮಾಡುವ ನರಗಳೂ ಇಲ್ಲಿವೆ. ಬೆನ್ನುಹುರಿಯ ಎದೆಭಾಗದ ಕೊನೆಯಿಂದ ಮತ್ತು ಸೊಂಟಭಾಗದ ಮೊದಲಿನಿಂದ ಹೊರಡುವ ಎಳೆಗಳು ಎಲ್-5 ಕಶೇರುವಿನ ಮುಂದೆ ಜಾಲವಾಗಿ ಶ್ರೋಣಿಗೆ ಇಳಿಯುತ್ತವೆ. ಇನ್ನೊಂದು ಗುಂಪು ಎಸ್-2ರಿಂದ ಎಸ್-4ರೊಳಗಿಂದಲೇ ಹೊರಡುತ್ತದೆ. ಗುದನಾಳದ ಎರಡೂ ಪಕ್ಕದಲ್ಲಿ ಇವೆಲ್ಲ ಕೂಡುತ್ತವೆ. ಗುದನಾಳದ ಅಥವಾ ಗರ್ಭಕಂಠದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರದ ತೊಂದರೆ ಬರಬಹುದಾದದ್ದು ಇದಕ್ಕಾಗಿ. ಹೆರಿಗೆ ನೋವಿನ ಮೊದಲ ಹಂತದಲ್ಲಿ ಗರ್ಭಕೋಶದ ನೋವು ಮೊದಲ ಗುಂಪಿನ ಜೊತೆ ಮೇಲಕ್ಕೆ ಹೋಗಿ ಕಿಬ್ಬೊಟ್ಟೆ ಮತ್ತು ಟೊಂಕದಲ್ಲಿ ಅನುಭವಕ್ಕೆ ಬರುತ್ತದೆ. ಮಗು ಹೊರಬರುವ ಹಂತದ ನೋವು ಪ್ಯುಡೆಂಡಲ್ ನರದ್ದು, ಆದ್ದರಿಂದ ಅದು ಕೆಳಗೆ.

ಮೂತ್ರಕೋಶ ತುಂಬುತ್ತಿರುವಾಗ ಮೊದಲ ಗುಂಪು ಅದರ ಗೋಡೆಯನ್ನು ಸಡಿಲವಾಗಿಟ್ಟು ಕತ್ತನ್ನು ಬಿಗಿದಿಡುತ್ತದೆ. ಪ್ಯುಡೆಂಡಲ್ ನರ ಹೊರಗಿನ ಬಿಗಿಯನ್ನು ಕಾಯುತ್ತದೆ. ಸುಮಾರು 150ರಿಂದ 200 ಮಿಲಿಲೀಟರ್ ಆದಾಗ ಮೊದಲ ಅರಿವು ಮೂಡುತ್ತದೆ. ಜಾಗ, ಸಮಯ ಒದಗಿದಾಗ ಮೆದುಳು ಅಪ್ಪಣೆ ಕೊಡುತ್ತದೆ, ಎಸ್-2ರಿಂದ ಎಸ್-4ರ ಎಳೆಗಳು ಗೋಡೆಯನ್ನು ಸಂಕುಚಿಸುತ್ತವೆ, ಬಿಗಿ ಸಡಿಲುತ್ತದೆ. ತುಂಬಿದ ಸುದ್ದಿಯನ್ನು ತರುವ ಎಳೆಗಳು, ಖಾಲಿ ಮಾಡುವ ಎಳೆಗಳು, ಬಾಗಿಲು ಕಾಯುವ ಎಳೆಗಳು ಮೂರೂ ಕಾಡಾ ಈಕ್ವೈನಾದ ನಡುಭಾಗದಲ್ಲಿ ಒಟ್ಟಿಗೇ ಇಳಿಯುತ್ತವೆ.

ದೊಡ್ಡ ಡಿಸ್ಕ್ ನಟ್ಟನಡುವೆ ಜಾರಿದರೆ, ಬಿದ್ದು ಕಶೇರು ಮುರಿದರೆ, ಗಡ್ಡೆ ಅಥವಾ ಕೀವು ಕೊಳವೆಯನ್ನು ತುಂಬಿದರೆ ಆಗುವ ಅನಾಹುತ ಇದರಿಂದ ತಿಳಿಯುತ್ತದೆ. ಕಾಡಾ ಈಕ್ವೈನಾ ಸಿಂಡ್ರೋಮ್ ಎನ್ನುವ ಈ ಸ್ಥಿತಿ ಅಪರೂಪ, ಆದರೆ ಟೊಂಕ ನೋವಿನ ಲೋಕದಲ್ಲಿ ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದ ಸ್ಥಿತಿ ಇದೇ. ಎರಡೂ ಕಾಲಿಗೆ ಸೆಳೆತ ಅಥವಾ ಸೋಲು, ತೊಡೆಸಂದಿ ಮತ್ತು ಗುದದ್ವಾರದ ಸುತ್ತ ಕುದುರೆಯ ಜೀನು ತಾಗುವಷ್ಟು ಭಾಗ ಮರಗಟ್ಟುವುದು, ಮೂತ್ರ ಕಟ್ಟುವುದು, ಮಲ ತಿಳಿಯದೆ ಹೋಗುವುದು ಇದರ ಲಕ್ಷಣಗಳು. ಇವು ಕಂಡ ದಿನವೇ ಎಂಆರ್‌ಐ ಆಗಬೇಕು. ಒತ್ತಡವನ್ನು ಶಸ್ತ್ರಚಿಕಿತ್ಸೆಯಿಂದ ಬೇಗ, ಸಾಮಾನ್ಯವಾಗಿ 48 ಗಂಟೆಗಳೊಳಗೆ, ಬಿಡಿಸಿದವರಲ್ಲಿ ಫಲ ಉತ್ತಮ. ತಡವಾದರೆ ಕಾಲಿಗೆ ಬಲ ಮರಳಿದರೂ ಮೂತ್ರದ ಹಿಡಿತ ಮರಳದೆ ಉಳಿಯಬಹುದು. ಔರಾದಿನಿಂದಲೋ ಸುರಪುರದಿಂದಲೋ ಹೊರಟು ಜಿಲ್ಲಾ ಕೇಂದ್ರ ಸೇರಿ, ಅಲ್ಲಿಂದ ಮತ್ತೆ ನರಶಸ್ತ್ರತಜ್ಞರಿರುವ ಊರಿಗೆ ಹೋಗಬೇಕಾದವರಿಗೆ 48 ಗಂಟೆ ಬಹಳ ಕಡಿಮೆ. ಟೊಂಕಕ್ಕೆ ಎಣ್ಣೆ ತಿಕ್ಕಿಸುತ್ತ, ಎಳೆಸುತ್ತ ಒಂದು ದಿನ ಕಾದರೂ ಆ ಅವಧಿಯಲ್ಲಿ ಅರ್ಧ ಹೋಯಿತು.

ತಡವಾಗುವುದಕ್ಕೆ ದೂರಕ್ಕಿಂತ ದೊಡ್ಡ ಕಾರಣ ನಾಚಿಕೆ. ಗಂಡಸರಾಗಲಿ ಹೆಂಗಸರಾಗಲಿ ಆ ಜಾಗದ ಮರಗಟ್ಟುವಿಕೆಯನ್ನು ತಾವಾಗಿ ಹೇಳುವುದಿಲ್ಲ, ಸೊಸೆ ಅತ್ತೆಗೆ ಹೇಳುವುದಿಲ್ಲ, ತಂದೆ ಮಗನಿಗೆ ಹೇಳುವುದಿಲ್ಲ. ಆದ್ದರಿಂದ ಟೊಂಕ ಹಿಡಿದು ಕಾಲು ಸೆಳೆಯುವ ಪ್ರತಿಯೊಬ್ಬರನ್ನೂ ಆಶಾ ಕಾರ್ಯಕರ್ತೆಯಿಂದ ತಜ್ಞವೈದ್ಯರವರೆಗೆ ಎಲ್ಲರೂ ನೇರವಾದ ಮಾತಿನಲ್ಲಿ ಕೇಳಬೇಕು. “ಅವ್ವಾ, ತೊಳಕೊಳ್ಳುವಾಗ ಕೈ ತಾಗಿದ್ದು ಎರಡೂ ಕಡಿ ಗೊತ್ತಾಗ್ತದೇನು? ಮುಂಜಾನಿಯಿಂದ ಒಂದಕ್ಕ ಹೋಗೀರೇನು? ಹೋಗಬೇಕು ಅಂತ ಅನಸ್ತದೇನು?” ಮೂರನೆಯ ಪ್ರಶ್ನೆಯನ್ನು ಬಿಡಬಾರದು. ಮೂತ್ರಕೋಶ ತುಂಬಿ ಕಿಬ್ಬೊಟ್ಟೆ ಉಬ್ಬಿದ್ದರೂ ಸುದ್ದಿ ತರುವ ಎಳೆಗಳು ಸತ್ತಿರುವುದರಿಂದ ಅವರಿಗೆ ನೋವೇ ಇರುವುದಿಲ್ಲ. ತುಂಬಿ ತುಳುಕಿದ ಮೂತ್ರ ಹನಿಹನಿಯಾಗಿ ಬರುತ್ತಿರುವುದನ್ನು ಕಂಡು, “ಒಂದಕ್ಕ ಹೊಂಟದ, ಅದಕೇನಾಗಿಲ್ಲ” ಎಂದು ಮನೆಯವರೂ ಕೆಲವೊಮ್ಮೆ ಚಿಕಿತ್ಸೆ ಕೊಡುವವರೂ ಸಮಾಧಾನಪಡುತ್ತಾರೆ. ಹನಿಯುವ ಮೂತ್ರದ ಜೊತೆ ಹೋಗಬೇಕೆಂಬ ಅರಿವೂ ಇಲ್ಲದಿದ್ದರೆ ಅದೇ ರಾತ್ರಿ 108ಕ್ಕೆ ಕರೆ ಮಾಡಬೇಕು, ಬೆಳಗಾಗಲೆಂದು ಕಾಯಬಾರದು.